ಮೂರು ವಾರ, ಇಬ್ಬರು ಮಕ್ಕಳು, ಒಂದು ಉದ್ದನೆಯ ಪಟ್ಟಿ

ಪ್ರಶ್ನೆ: ಮೇಡಂ, ನಾನು, ನಮ್ಮೆಜಮಾನ್ರು ಇಬ್ಬರೂ ವಿದೇಶದಲ್ಲಿ ಕೆಲಸದಲ್ಲಿದ್ದೇವೆ. ನಮಗೆ ಮಕ್ಕಳಿಲ್ಲ. ಈ ರಜೆಗೆ ನನ್ನ ಅಕ್ಕನ ಮಕ್ಕಳು, 15ರ ಹುಡುಗಿ ಮತ್ತು 11ರ ಹುಡುಗ, ಇಬ್ಬರೇ ಮೂರು ವಾರಕ್ಕೆ ಬರುತ್ತಿದ್ದಾರೆ. ವಿಮಾನ ಹತ್ತುವುದೇ ಮೊದಲ ಸಲ. 21 ದಿನಕ್ಕೂ ಎಲ್ಲೆಲ್ಲಿ ಹೋಗಬೇಕು ಅಂತ ಪಟ್ಟಿ ಮಾಡಿ ಅಕ್ಕನಿಗೆ ಕಳಿಸಿದೆ. ‘ಅಯ್ಯೋ, ಇಷ್ಟೊಂದಾ?’ ಅಂದಳು. ಈಗ ನನಗೂ ಅಳುಕು. ಏನೇನು ನೋಡಿಕೊಳ್ಳಬೇಕು?
– ಹೆಸರು ಬೇಡ

ಉತ್ತರ: ನಿಮ್ಮಕ್ಕ ಹೇಳಿದ್ದು ಸರಿ. ಮೊದಲ ನಾಲ್ಕು ದಿನದ್ದನ್ನು ಈಗಲೇ ಹೊಡೆದು ಹಾಕಿ.

ನಾನೂ ಇಂಥದ್ದೇ ಪಟ್ಟಿ ಮಾಡಿದ್ದೆ, ಬಣ್ಣದ ಪೆನ್ನಿನಲ್ಲಿ. ಆಗ ನಾವು ವಿದೇಶದಲ್ಲಿದ್ದೆವು. ಬಂದವನು ಅಣ್ಣನ ಮಗ, ವಯಸ್ಸು 13. ಬೆಳಿಗ್ಗೆ ಇಳಿದವನನ್ನು ಮಧ್ಯಾಹ್ನವೇ ಮ್ಯೂಸಿಯಂಗೆ ಎಳೆದುಕೊಂಡು ಹೋದೆ. ಡೈನೋಸಾರ್ ಅಸ್ಥಿಪಂಜರದ ಎದುರಿನ ಬೆಂಚಿನ ಮೇಲೆ ಬಾಯಿ ತೆರೆದು ನಿದ್ದೆ ಹೋದ. ಟಿಕೆಟ್ ತೆಗೆದಾಗಿದೆಯಲ್ಲ ಅಂತ ಎಬ್ಬಿಸಿದೆ. ಈಗ ನೆನೆಸಿಕೊಂಡರೂ ಬೇಜಾರಾಗುತ್ತದೆ. ಆ ರಾತ್ರಿ ಮೂರು ಗಂಟೆಗೆ ಹಾಲ್‌ನಲ್ಲಿ ದೀಪ ಉರಿಯುತ್ತಿತ್ತು. ಎದ್ದು ನೋಡಿದರೆ ಹುಡುಗ ಸ್ನಾನ ಮಾಡಿ, ತಲೆ ಬಾಚಿ, ಬೂಟು ಹಾಕಿಕೊಂಡು, ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಕೂತಿದ್ದಾನೆ. ‘ಅತ್ತೆ, ಎಲ್ರೂ ಎಷ್ಟೊತ್ತಿಗೆ ಏಳ್ತೀರಾ?’ ಅಂದ.

ದೇಹದ ಗಡಿಯಾರ ಹೊಸ ಸಮಯಕ್ಕೆ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆಯಷ್ಟೇ ಹೊಂದಿಕೊಳ್ಳುವುದು. ಪೂರ್ವಕ್ಕೆ ಪ್ರಯಾಣ ಮಾಡಿದರೆ ಇನ್ನೂ ನಿಧಾನ. ಹಗಲಿನಲ್ಲಿ ಬಿಸಿಲು ಬೆಳಕಿಗೆ ಸುಮ್ನೆ ಸುತ್ತಾಡಿಸಿ, ಸಾಕು. ಅಪರಾತ್ರಿ ಹಸಿವಾಗುತ್ತದೆ. ‘ಕೇಳದೇ ಫ್ರಿಜ್ ತೆಗೆಯಬಹುದು’ ಅಂತ ಮೊದಲ ದಿನವೇ ಬಾಯಿಬಿಟ್ಟು ಹೇಳಿ. ಚಿಕ್ಕಮ್ಮನ ಮನೆಯೇ ಆದರೂ ಮಕ್ಕಳು ತಾವಾಗಿ ತೆಗೆಯುವುದಿಲ್ಲ.

ಹೊರಡುವ ಮುಂಚಿನ ಕೆಲಸ ಅಕ್ಕನದು, ಆದರೆ ನೆನಪಿಸಬೇಕಾದವರು ನೀವು. ಪಾಸ್‌ಪೋರ್ಟ್‌ಗೆ ಇನ್ನೂ ಆರು ತಿಂಗಳಾದರೂ ಅವಧಿ ಇರಬೇಕು ಅಂತ ಬಹಳ ದೇಶಗಳು ಕೇಳುತ್ತವೆ. ಮಕ್ಕಳೇ ಬರುವುದರಿಂದ ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಜೊತೆಗಿರಲಿ. ವಿಮಾನ ಕಂಪನಿಗೆ ಇವತ್ತೇ ಫೋನ್ ಮಾಡಿ. 15ರ ಅಕ್ಕ ಜೊತೆಗಿದ್ದರೆ ಸಾಕು ಅಂತ ಎಲ್ಲ ಕಂಪನಿಗಳೂ ಒಪ್ಪುವುದಿಲ್ಲ. ಆಗ ಒಂಟಿ ಮಕ್ಕಳನ್ನು ಕರೆದೊಯ್ಯುವ ಸೇವೆಯನ್ನು ಮುಂಚೆಯೇ ಬುಕ್ ಮಾಡಬೇಕು, ಅದಕ್ಕೆ ಬೇರೆ ದುಡ್ಡು. ಕರೆದುಕೊಳ್ಳಲು ಯಾರು ಬರುತ್ತಾರೆಂದು ಬರೆಸಿರುತ್ತೀರೋ ಅವರೇ ಗುರುತಿನ ಚೀಟಿ ಹಿಡಿದು ಹೋಗಬೇಕು. ಕೊನೇ ಗಳಿಗೆಯಲ್ಲಿ ಯಜಮಾನರನ್ನು ಕಳಿಸಿದರೆ ನಡೆಯದು.

ನಿಮ್ಮ ವಿಳಾಸ, ಫೋನ್ ನಂಬರ್ ಕಾಗದದ ಮೇಲಿರಲಿ, ಇಬ್ಬರ ಜೇಬಲ್ಲೂ. ಫೋನ್ ಚಾರ್ಜ್ ಹೋಗುವುದು ಬೇಕಾದಾಗಲೇ ಅಲ್ವಾ? ಪವರ್‌ಬ್ಯಾಂಕ್ ಕೈಚೀಲದಲ್ಲೇ ಬರಬೇಕು, ಚೆಕ್-ಇನ್ ಮಾಡುವ ಸೂಟ್‌ಕೇಸಿನಲ್ಲಲ್ಲ. ಬ್ಯಾಟರಿಯ ಶಕ್ತಿ 100 ವ್ಯಾಟ್‌-ಅವರ್ ಒಳಗಿದ್ದರೆ ಸಾಮಾನ್ಯವಾಗಿ ತಕರಾರಿಲ್ಲ. 20,000 ಎಂಎಎಚ್‌ನದು ಸುಮಾರು 74 ವ್ಯಾಟ್‌-ಅವರ್ ಆಗುತ್ತದೆ. ಪ್ರಯಾಣದ ವಿಮೆ ಮಾಡಿಸಿ. ಔಷಧಿ ತರುವುದಿದ್ದರೆ ವೈದ್ಯರ ಚೀಟಿಯೂ ಬರಲಿ.

ನನಗೆ ಜಾಸ್ತಿ ಭಯ ಇದ್ದದ್ದು ರಸ್ತೆಯದು. ವಾಹನ ಎಡಗಡೆ ಓಡುವ ದೇಶದಿಂದ ಬಲಗಡೆ ಓಡುವ ದೇಶಕ್ಕೆ ಬಂದ ಮಗು ದಾಟುವ ಮುಂಚೆ ತಪ್ಪು ದಿಕ್ಕಿಗೇ ನೋಡುತ್ತದೆ. ನಮ್ಮವನು ಎರಡನೇ ದಿನ ಹಾಗೇ ಕಾಲಿಟ್ಟ. ಕಾಲರ್ ಹಿಡಿದು ಎಳೆದೆ. ಹೇಳಿದರೆ ಸಾಲದು, ಜೊತೆಗೆ ನಿಂತು ನಾಲ್ಕೈದು ಸಲ ದಾಟಿಸಿ. ನೀವಿಬ್ಬರೂ ಕೆಲಸಕ್ಕೆ ಹೋಗುವವರು, ಸರದಿ ಮೇಲೆ ರಜೆ ಹಾಕಿ. ಮಕ್ಕಳನ್ನೇ ಮನೆಯಲ್ಲಿ ಬಿಟ್ಟು ಹೋಗುವುದಕ್ಕೂ ಕೆಲವು ಕಡೆ ಕಾನೂನಿದೆ, ನಿಮ್ಮಲ್ಲಿ ಹೇಗಿದೆ ನೋಡಿಕೊಳ್ಳಿ.

ಆಮೇಲೆ ಅವರ ಕೈಗೇ ಕೆಲಸ ಕೊಡಿ. ಎರಡನೇ ವಾರ ರೈಲಿನ ಟಿಕೆಟ್ ಯಂತ್ರದ ಮುಂದೆ ದುಡ್ಡು ಕೊಟ್ಟು ನಾನು ಪಕ್ಕಕ್ಕೆ ಸರಿದೆ. ಎರಡು ಸಲ ತಪ್ಪು ಗುಂಡಿ ಒತ್ತಿದ. ಹಿಂದೆ ಆರೇಳು ಜನ. ಒಬ್ಬರು ಗಡಿಯಾರ ನೋಡಿಕೊಂಡರು. ನನಗೋ ಕೈ ಕಡಿಯುತ್ತಿತ್ತು, ಆದರೂ ಕೋಟಿನ ಜೇಬಿಂದ ತೆಗೆಯಲಿಲ್ಲ. ಮೂರನೇ ಸಲಕ್ಕೆ ಟಿಕೆಟ್ ಬಿತ್ತು. ಆ ರಾತ್ರಿ ಅವನು ಅಮ್ಮನಿಗೆ ಕಳಿಸಿದ ಫೋಟೋ ಆ ಟಿಕೆಟ್ಟಿನದು. ನಾನು ತೋರಿಸಿದ ಗೋಪುರದ್ದಲ್ಲ!

ನಿಮ್ಮ ಹುಡುಗಿ ಕೋಣೆ ಬಾಗಿಲು ಹಾಕಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ. 15 ವಯಸ್ಸು ಅಂದರೆ ಹಾಗೇ. ಹುಡುಗ ಸಂಜೆ ಹೊತ್ತು ಮಂಕಾದರೆ ‘ಅಮ್ಮನ ನೆನಪಾಯ್ತಾ’ ಅಂತ ಹತ್ತು ಸಲ ಕೇಳಬೇಡಿ, ಏನಾದರೂ ಕೆಲಸಕ್ಕೆ ಜೊತೆಗೆ ಕರೆದುಕೊಳ್ಳಿ. ಮನೆಗೆ ದಿನಕ್ಕೊಂದು ಫೋನ್, ಗೊತ್ತಾದ ಹೊತ್ತಿಗೆ. ಮಲಗುವ ಮುಂಚೆ ಮಾತ್ರ ಬೇಡ, ಅಳು ಆಗಲೇ ಬರುವುದು.

ಪಟ್ಟಿಯಲ್ಲಿ ಅರ್ಧ ದಿನಗಳನ್ನು ಖಾಲಿ ಬಿಟ್ಟು, ಏನು ಬೇಕು ಅಂತ ಅವರನ್ನೇ ಕೇಳಿ. ಏನು ಹೇಳಿದರೂ ನಗಬೇಡಿ. ನಮ್ಮವನಿಗೆ ಬೇಕಿದ್ದದ್ದು ಮನೆ ಹತ್ತಿರದ ರೈಲು ಸೇತುವೆ. ಮೂರು ಮಧ್ಯಾಹ್ನ ಅದರ ಮೇಲೆ ನಿಂತು ಗೂಡ್ಸ್ ಗಾಡಿಯ ಬೋಗಿ ಎಣಿಸಿದ. ನಾನೂ ಎಣಿಸಿದೆ. ಲೆಕ್ಕ ತಪ್ಪುತ್ತಿದ್ದದ್ದು ನನಗೇ.