ಸಾಸ್ಕಟೂನ್ ಹೊಳೆಬದಿಯ ಸರ್ವೆ: ಸಪಾಟು ನೆಲದ ಫಜೀತಿ

‘ಕೆನಡಾದ ಸಾಸ್ಕಟೂನ್ ಕಡೆ ಸರ್ವೆ ಕೆಲಸ ಸಿಕ್ಕಿದೆ, ನೆಲವೆಲ್ಲ ಸಪಾಟಂತೆ, ಕೆಲಸ ಸಲೀಸಲ್ಲವೇ?’ ಎಂದು ಕೇಳಿದ್ದೀರಿ. ಸಪಾಟಾಗಿರುವುದೇ ಇಲ್ಲಿನ ಫಜೀತಿ.

ಮೊದಲು ವಿಳಾಸ. ಊರ ಕಡೆಯ ಸರ್ವೆ ನಂಬರ್, ಹಿಸ್ಸಾ ಮರೆತುಬಿಡಿ. ‘ಎನ್‌ಇ 14-37-5-ಡಬ್ಲ್ಯೂ3’ ಎಂದು ಚೀಟಿ ಕೊಡುತ್ತಾರೆ. ಬಲದಿಂದ ಓದಿ: ಮೂರನೇ ಮೆರಿಡಿಯನ್‌ನಿಂದ, ಅಂದರೆ 106 ಡಿಗ್ರಿ ರೇಖಾಂಶದಿಂದ, ಪಶ್ಚಿಮಕ್ಕೆ 5ನೇ ರೇಂಜ್ (ದಕ್ಷಿಣೋತ್ತರ ಪಟ್ಟಿ), ಅಮೆರಿಕದ ಗಡಿಯಿಂದ ಉತ್ತರಕ್ಕೆ 37ನೇ ಟೌನ್‌ಶಿಪ್ (ನೆಲದ ದೊಡ್ಡ ಚೌಕ), ಅದರ 14ನೇ ಸೆಕ್ಷನ್ನಿನ, ಅಂದರೆ ಒಳಗಿನ ಸಣ್ಣ ಚೌಕದ, ಈಶಾನ್ಯದ ಕಾಲುಭಾಗ, 160 ಎಕರೆ. ಟೌನ್‌ಶಿಪ್ಪಿಗೆ 36 ಸೆಕ್ಷನ್. ಎಣಿಕೆ ಆಗ್ನೇಯ ಮೂಲೆಯಿಂದ ಶುರುವಾಗಿ, ಎತ್ತು ಉಳುತ್ತ ತಿರುಗಿದ ಹಾಗೆ, ಒಂದು ಸಾಲು ಪಶ್ಚಿಮಕ್ಕೆ, ಮುಂದಿನದು ಪೂರ್ವಕ್ಕೆ.

ನಕಾಶೆಯಲ್ಲಿ ಗೆರೆ ಇದ್ದ ಮಾತ್ರಕ್ಕೆ ರಸ್ತೆ ಇದೆ ಅನ್ನಬೇಡಿ. ಎಷ್ಟೋ ಕಡೆ ಅದು ರಸ್ತೆಗೆಂದು ಬಿಟ್ಟ ಜಾಗ ಅಷ್ಟೇ. ಸೌತ್ ಸಸ್ಕಾಚೆವಾನ್ ಹೊಳೆಯ ಕೊರಕಲಿಗೆ ಬಂದು ನಿಂತುಬಿಡುತ್ತದೆ. ಗಾಡಿ ದಾಟಿಸುವ ಕ್ಲಾರ್ಕ್‌ಬೊರೊ ಫೆರ‍್ರಿ ಚಳಿಗಾಲದಲ್ಲಿ ಇಲ್ಲ. ಮಳೆ ಬಿದ್ದರಂತೂ ಮಣ್ಣು ನಮ್ಮ ಎರೆಭೂಮಿಯದೇ ಜಾತಿ, ಟೈರಿಗೆ ಮೆತ್ತಿಕೊಂಡು ಬಿಡುವುದಿಲ್ಲ.

ಇನ್ನು ಎತ್ತರ. 1:50,000 ನಕಾಶೆ ಹಾಳೆಯಲ್ಲಿ ಕಾಂಟೂರ್, ಅಂದರೆ ಸಮಾನ ಎತ್ತರ ತೋರಿಸುವ ಗೆರೆಗಳ, ಅಂತರ ಸಾಮಾನ್ಯವಾಗಿ 10 ಮೀಟರ್. ಹೊಲದ ನೀರು ಯಾವ ಕಡೆ ಹರಿಯುತ್ತದೆ ಅನ್ನುವುದು ಇಲ್ಲಿ 20 ಸೆಂಟಿಮೀಟರಿನಲ್ಲಿ ತೀರ್ಮಾನವಾಗುತ್ತದೆ. ಆ ಹಾಳೆ ಅದಕ್ಕೆ ಉಪಯೋಗವಿಲ್ಲ. ಜಿಪಿಎಸ್ ಕೊಡುವ ಎತ್ತರಕ್ಕೂ ಸಮುದ್ರಮಟ್ಟದ ಎತ್ತರಕ್ಕೂ ಬೆಂಗಳೂರಿನಲ್ಲಿ ಸುಮಾರು 85 ಮೀಟರ್ ವ್ಯತ್ಯಾಸ, ಇಲ್ಲಿ 20ರ ಆಸುಪಾಸು. ರಿಸೀವರಿನಲ್ಲಿ ಈ ವ್ಯತ್ಯಾಸ ಸರಿಪಡಿಸುವ ಕೆನಡಾದ ಜಿಯಾಯ್ಡ್ ಫೈಲ್ ಇದೆಯೇ ನೋಡಿಯೇ ಹೊರಡಿ. ಹಳೇ ಬೆಂಚ್‌ಮಾರ್ಕ್ (ಎತ್ತರ ಗೊತ್ತಿರುವ ಗುರುತು) ಕೆನಡಾದ ಹಳೇ ಎತ್ತರದ ಆಧಾರವಾದ ಸಿಜಿವಿಡಿ28ರಲ್ಲಿ, ನಿಮ್ಮ ಅಳತೆ ಹೊಸ ಆಧಾರವಾದ ಸಿಜಿವಿಡಿ2013ರಲ್ಲಿ ಇದ್ದರೆ, ಎರಡೂ ಬೆರೆತ ಜಾಗದಲ್ಲಿ ಇಲ್ಲದ ಮೆಟ್ಟಿಲೊಂದು ಮೂಡುತ್ತದೆ.

ಹೊಲಗಳ ನಡುವಿನ ಸಣ್ಣ ಗುಂಡಿಗಳಿಗೆ ಸ್ಲೂ ಅನ್ನುತ್ತಾರೆ. ಅವುಗಳ ನೀರು ಎಷ್ಟೋ ವರ್ಷ ಹೊಳೆಗೆ ಸೇರುವುದೇ ಇಲ್ಲ. ನೀರಿನ ಹರಿವು ಲೆಕ್ಕ ಹಾಕುವ ಸಾಫ್ಟ್‌ವೇರ್ ಇವನ್ನು ತಪ್ಪೆಂದು ತಿಳಿದು ‘ತುಂಬಿ’ ಬಿಡುತ್ತದೆ. ಆ ಆಯ್ಕೆ ಆಫ್ ಮಾಡಿ.

ದಂಡೆಯಲ್ಲಿ ಮೇಲಂಚು, ಬುಡ ಎರಡನ್ನೂ ಬ್ರೇಕ್‌ಲೈನ್ (ಇಳಿಜಾರು ಥಟ್ಟನೆ ಬದಲಾಗುವ ಗೆರೆ) ಆಗಿ ಹಿಡಿಯಿರಿ, ಇಲ್ಲವಾದರೆ ಕಡಿದಾದ ದಂಡೆ ಇಳಿಜಾರಾಗಿ ಕಾಣುತ್ತದೆ. ಲೈಡಾರ್ (ಮೇಲಿನಿಂದ ಲೇಸರಿನಲ್ಲಿ ನೆಲ ಅಳೆಯುವ ಉಪಕರಣ) ಹಾರಿಸುವುದು ಹಿಮ ಕರಗಿದ ಮೇಲೆ, ದಂಡೆಯ ವಿಲೋ ಗಿಡ ಚಿಗುರುವ ಮುಂಚೆ. ಸಿಗುವುದು ಕೆಲವೇ ವಾರ. ಸಾಮಾನ್ಯ ಲೈಡಾರ್ ನೀರಿನೊಳಗೆ ಇಳಿಯುವುದಿಲ್ಲ, ಹೊಳೆಯ ತಳಕ್ಕೆ ದೋಣಿ, ಶಬ್ದದಿಂದ ಆಳ ಅಳೆಯುವ ಎಕೋ ಸೌಂಡರ್ ಬೇಕೇಬೇಕು. ನೀರಿನ ಮಟ್ಟ ಬರೆಯುವಾಗ ಗಂಟೆ-ನಿಮಿಷವನ್ನೂ ಬರೆಯಿರಿ: ಮೇಲ್ಗಡೆ ಗಾರ್ಡಿನರ್ ಅಣೆಕಟ್ಟಿನಲ್ಲಿ ವಿದ್ಯುತ್ತಿಗೆಂದು ನೀರು ಬಿಟ್ಟ ಹಾಗೆ ಮಟ್ಟ ಏರಿಳಿಯುತ್ತದೆ. ಅದೇ ಕಾರಣಕ್ಕೆ ಚಳಿಗಾಲದಲ್ಲಿ ಮಂಜುಗಡ್ಡೆಯ ಕೆಳಗೆ ಟೊಳ್ಳು ಬಿದ್ದಿರಬಹುದು. ಕೊರೆದು ದಪ್ಪ ಅಳೆಯದೆ ಕಾಲಿಡಬೇಡಿ.