ಅಪ್ಪನ ವಾದವನ್ನು ಅಪ್ಪನಿಗೇ ಹೇಳಿ ನೋಡಿ

ಪ್ರಶ್ನೆ: ನನಗೆ 31 ವರ್ಷ. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದು ಎರಡು ವರ್ಷ ಆಯ್ತು. ಮದ್ದೂರು ಹತ್ತಿರ ಎರಡು ಎಕರೆ ಗದ್ದೆ ಇದೆ, ಎರಡು ಹಸು ಇವೆ. ಯೂರಿಯಾ ಪೂರ್ತಿ ಬಿಟ್ಟು ನೈಸರ್ಗಿಕ ಕೃಷಿ ಮಾಡಬೇಕು ಅನ್ನೋದು ನನ್ನ ಆಸೆ. ಅಪ್ಪ ಎಕರೆಗೆ ಎರಡು ಚೀಲ ಹಾಕುತ್ತಾರೆ, ಬಿಡಲ್ಲ ಅಂತಾರೆ. ಈಗ ಮನೆಯಲ್ಲಿ ಮಾತೇ ನಿಂತು ಹೋಗಿದೆ. ನಾನು ನೂರಾರು ವಿಡಿಯೋ ನೋಡಿದ್ದೇನೆ, ಎಲ್ಲವೂ ನನ್ನ ಪರ. ಸ್ನೇಹಿತನೊಬ್ಬ "ಸ್ವಲ್ಪ ದಿನ ಎದುರು ಪಕ್ಷದವರ ಮಾತನ್ನೂ ಕೇಳು" ಅಂತಾನೆ. ಕೇಳೋಕೆ ಹೋದರೆ ಸಿಟ್ಟು ಬರುತ್ತೆ. ಹಾಗೆ ಕೇಳ್ತಾ ಹೋದರೆ ನನ್ನ ನಂಬಿಕೆಯೇ ಸಡಿಲ ಆಗಲ್ವಾ?
(ಹೆಸರು ಬೇಡ ಅಂದಿದ್ದಾರೆ)

ಉತ್ತರ: ಸಡಿಲ ಆಗಬಹುದು. ಆಗಲಿ ಬಿಡಿ. ಅಲುಗಾಡಿಸಿದರೆ ಬೀಳುವಷ್ಟು ಸಡಿಲ ಇದ್ದರೆ ಅದು ಈಗಲೇ ಗೊತ್ತಾಗೋದು ಒಳ್ಳೇದು, ಗದ್ದೆ ಪೂರ್ತಿ ಹಾಗೆ ನಾಟಿ ಮಾಡಿದ ಮೇಲಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು "ಎಲ್ಲವೂ ನನ್ನ ಪರ" ಅನ್ನೋ ಮಾತು. 1960ರಲ್ಲಿ ಪೀಟರ್ ವೇಸನ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ ಕೊಟ್ಟರು. 2, 4, 6 ಒಂದು ನಿಯಮದಂತೆ ಇವೆ. ನೀವೂ ಮೂರು ಮೂರು ಸಂಖ್ಯೆ ಹೇಳಿ, ನಿಯಮಕ್ಕೆ ಹೊಂದುತ್ತಾ ಇಲ್ವಾ ಅಂತ ನಾನು ಹೇಳ್ತೀನಿ, ನಿಯಮ ಏನು ಅಂತ ಕಂಡುಹಿಡಿಯಿರಿ. ಎರಡೆರಡು ಜಾಸ್ತಿ ಆಗೋದೇ ನಿಯಮ ಅಂದುಕೊಂಡವರು 8, 10, 12 ಅಂತಾರೆ. ಹೊಂದುತ್ತೆ. 20, 22, 24? ಅದೂ ಹೊಂದುತ್ತೆ. ಖುಷಿಯಾಗಿ ಉತ್ತರ ಹೇಳಿಬಿಡ್ತಾರೆ, ಅದು ತಪ್ಪು. ಯಾಕೆಂದರೆ ನಿಯಮ ಇದ್ದದ್ದು ಇಷ್ಟೇ: ಸಂಖ್ಯೆಗಳು ಏರುತ್ತಾ ಹೋಗಬೇಕು. 1, 2, 50 ಅಂತ ಒಂದು ಸಲ ಕೇಳಿದ್ದರೆ ಸಾಕಿತ್ತು. ತಮ್ಮ ಊಹೆ ಸುಳ್ಳಾಗುವಂಥ ಪ್ರಶ್ನೆ ಕೇಳೋದು ಹೆಚ್ಚಿನವರಿಗೆ ಹೊಳೆಯೋದೇ ಇಲ್ಲ. ನಿಮ್ಮ ನೂರು ವಿಡಿಯೋ ಅಂದರೆ ನೂರು ಸಲ 8, 10, 12 ಕೇಳಿದ ಹಾಗೆ.

ನಾನೂ ಒಂದು ಕಾಲದಲ್ಲಿ ಯೂರಿಯಾ ಅಂದರೆ ವಿಷ ಅಂತಿದ್ದವನೇ. ಒಂದು ಮಳೆಗಾಲ ಸೋದರಮಾವ ನನ್ನನ್ನು ಗದ್ದೆ ಬದುವಿನ ಮೇಲೆ ಕೂರಿಸಿಕೊಂಡು, ಒಂದು ಪೈರು ಕಿತ್ತು ಕೈಗೆ ಕೊಟ್ಟರು. ಕೆಳಗಿನ ಎಲೆ ತುದಿಯಿಂದ ಹಳದಿ, ಮೇಲಿನ ಎಲೆ ಇನ್ನೂ ಹಸಿರು. "ಯಾಕೆ ಹೇಳು ನೋಡೋಣ" ಅಂದರು. ನನಗೆ ಗೊತ್ತಿರಲಿಲ್ಲ. ಸಾರಜನಕ ಸಾಲದೇ ಹೋದಾಗ ಪೈರು ಹಳೇ ಎಲೆಯಲ್ಲಿರೋದನ್ನು ತೆಗೆದು ಹೊಸ ಎಲೆಗೆ ಕೊಡುತ್ತೆ, ಅದಕ್ಕೇ ಕೆಳಗಿನದು ಮೊದಲು ಹಳದಿ ಆಗೋದು. ಅಷ್ಟು ದಿನ ಗೊಬ್ಬರದ ಬಗ್ಗೆ ಜಗಳ ಆಡಿದ್ದೆ, ಪೈರನ್ನು ಸರಿಯಾಗಿ ನೋಡಿರಲೇ ಇಲ್ಲ.

ಆಮೇಲೆ ಲೆಕ್ಕ ಹಾಕಿಸಿದರು. ನಿಮ್ಮ ಗದ್ದೆಗೂ ಹಾಕೋಣ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ. ಅಂದರೆ 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ. ಕೊಟ್ಟಿಗೆ ಗೊಬ್ಬರದಲ್ಲಿ ನೂರು ಕಿಲೋಗೆ ಹೆಚ್ಚುಕಮ್ಮಿ ಅರ್ಧ ಕಿಲೋ. ಒಂದು ಚೀಲದ ಸಾರಜನಕ ಬೇಕು ಅಂದರೆ 4 ಟನ್ ಗೊಬ್ಬರ. ನಿಮ್ಮ ಅಪ್ಪ ಎರಡು ಎಕರೆಗೆ ಹಾಕೋ ನಾಲ್ಕು ಚೀಲಕ್ಕೆ 16 ಟನ್. ಎರಡು ಹಸುವಿನ ತಿಪ್ಪೆಯಲ್ಲಿ ಒಂದು ಬೆಳೆಗೆ ಅಷ್ಟು ಗೊಬ್ಬರ ಸಿಗುತ್ತಾ? 2021ರ ಏಪ್ರಿಲ್‌ನಲ್ಲಿ ಶ್ರೀಲಂಕಾ ಸರ್ಕಾರ ರಾಸಾಯನಿಕ ಗೊಬ್ಬರ ತರಿಸೋದನ್ನು ಒಂದೇ ಏಟಿಗೆ ನಿಲ್ಲಿಸುವ ತೀರ್ಮಾನ ಮಾಡಿತು, ರೈತರು ಬೀದಿಗಿಳಿದರು, ನವೆಂಬರ್ ಹೊತ್ತಿಗೆ ಅದನ್ನು ವಾಪಸ್ ತಗೊಂಡಿತು, ಅಷ್ಟರಲ್ಲಿ ಆ ಹಂಗಾಮಿನ ಭತ್ತಕ್ಕೆ ಪೆಟ್ಟು ಬಿದ್ದಾಗಿತ್ತು.

ಹಾಗಂತ ನಿಮ್ಮ ಅಪ್ಪನದೇ ಸರಿ ಅಂತಲ್ಲ. ಕೆರೆಯಂತೆ ನೀರು ನಿಂತ ಗದ್ದೆಗೆ ಎರಚಿದ ಯೂರಿಯಾದಲ್ಲಿ ಬಹುಪಾಲು ಪೈರಿಗೆ ಸಿಗದೆ ಗಾಳಿಗೋ ನೀರಿಗೋ ಹೋಗುತ್ತೆ. ಜಾಸ್ತಿ ಹಾಕಿದರೆ ಬೆಂಕಿ ರೋಗ, ಕಂದು ಜಿಗಿಹುಳು ಎರಡೂ ಹೆಚ್ಚುತ್ತವೆ, ಪೈರು ಮಲಗುತ್ತೆ. ನಾಟಿಗೆ ಮುಂಚೆ ಸೆಣಬು ಅಥವಾ ಡಯಾಂಚದಂಥ ಹಸಿರೆಲೆ ಗೊಬ್ಬರದ ಗಿಡ ಬೆಳೆದು ಮಣ್ಣಿಗೆ ಸೇರಿಸಿ ಉತ್ತುಬಿಟ್ಟರೆ ಯೂರಿಯಾ ಎಷ್ಟೋ ಕಡಿಮೆ ಮಾಡಬಹುದು. ಮಣ್ಣಿನ ಬಗ್ಗೆ ನಿಮಗಿರೋ ಕಾಳಜಿ ನಿಜವಾದದ್ದು, ಅದನ್ನು ಬಿಡಬೇಡಿ. ನನಗೂ ಆ ಕಾಳಜಿ ಹಾಗೇ ಉಳಿಯಿತು, ಮಾತು ಮಾತ್ರ ಬದಲಾಯಿತು. "ವಿಷ" ಅನ್ನೋದು ಹೋಗಿ "ಎಷ್ಟು, ಯಾವಾಗ, ಎಷ್ಟು ಸಲ" ಅನ್ನೋದು ಬಂತು. ಮಾವನೂ ನಾಲ್ಕು ವರ್ಷದಲ್ಲಿ ಒಂದು ಚೀಲ ಇಳಿಸಿದರು.

ಇನ್ನು ಸಿಟ್ಟಿನ ವಿಷಯ. ನೀವು ಎದುರು ಪಕ್ಷದವರು ಅಂತ ಟೀವಿಯಲ್ಲಿ ಕಿರುಚೋರನ್ನು ಕೇಳಬೇಡಿ, ಅವರಿಂದ ಸಿಟ್ಟು ಬಿಟ್ಟರೆ ಬೇರೇನೂ ಸಿಗಲ್ಲ. ವಿಷಯ ಗೊತ್ತಿರುವ, ನಿಮ್ಮ ಮೇಲೆ ಪ್ರೀತಿ ಇರುವ ಒಬ್ಬರನ್ನು ಹುಡುಕಿ. ನಿಮಗೆ ಅವರು ಮನೆಯಲ್ಲೇ ಇದ್ದಾರೆ. ನಮ್ಮ ಹಳೇ ಶಾಸ್ತ್ರಗಳ ವಾದದಲ್ಲಿ ಪೂರ್ವಪಕ್ಷ ಅಂತ ಒಂದು ಕ್ರಮ ಇತ್ತು, ಎದುರಾಳಿಯ ಮಾತನ್ನು ಮೊದಲು ನೀವೇ ಪೂರ್ತಿಯಾಗಿ ಹೇಳಬೇಕು, ಆಮೇಲೆ ನಿಮ್ಮ ಉತ್ತರ. ಇವತ್ತು ಸಂಜೆ ಅಪ್ಪ ಕಾಫಿ ಕುಡಿಯೋವಾಗ ಪಕ್ಕ ಕೂತು ಕೇಳಿ: "ಅಪ್ಪ, ನೀನು ಯಾಕೆ ಬೇಡ ಅಂತೀಯ ಅಂತ ನನಗೆ ಅರ್ಥ ಆಗಿದ್ದು ಇಷ್ಟು, ಸರೀನಾ?" ಅವರು "ಹೂಂ, ಅದೇ" ಅನ್ನೋವರೆಗೂ ನಿಮ್ಮ ವಾದ ಎತ್ತಬೇಡಿ. ಮೊದಲ ಸಲಕ್ಕೇ ಹೂಂ ಅನ್ನಲಿಕ್ಕಿಲ್ಲ. ಸಾಲ, ಹಿಂದೊಂದು ವರ್ಷ ಕೈ ಕೊಟ್ಟ ಬೆಳೆ, ನಿಮ್ಮ ಮದುವೆ ಚಿಂತೆ, ಇಂಥದ್ದೆಲ್ಲ ಆಗ ಹೊರಗೆ ಬರುತ್ತೆ.

ಆಮೇಲೆ ಹತ್ತು ಗುಂಟೆ ಕೇಳಿ, ಎರಡು ಎಕರೆ ಬೇಡ. ನಾಟಿಗೆ ಮುಂಚೆ ಒಂದು ಹಾಳೆಯಲ್ಲಿ ಇಬ್ಬರೂ ಬರೆದಿಡಿ: ಎಷ್ಟು ಇಳುವರಿ ಬಂದರೆ ನಾನು ತಪ್ಪು ಅಂತ ಒಪ್ಪುತ್ತೇನೆ.

ಪ್ರಶ್ನೆ: ಪಿಯುಸಿ ಮುಗಿಸಿದ ಮಗಳನ್ನು ಮುಂದೆ ಓದಿಸೋದು ಬೇಡ ಅಂತ ಮನೆಯವರ ಹಟ. ಓದಲೇಬೇಕು ಅಂದರೆ "ನಿನ್ನದು ಮೊಂಡುತನ, ಬೇರೆಯವರ ಅಭಿಪ್ರಾಯಕ್ಕೂ ಬೆಲೆ ಕೊಡು" ಅಂತಾರೆ. ಕೊಡಬೇಕಾ?
(ಒಬ್ಬ ತಾಯಿ, ಗದಗ)

ಉತ್ತರ: ಅವರ ಮಾತು ಕೇಳಿ, ಮಗಳ ಓದು ಮಾತ್ರ ಬಿಟ್ಟುಕೊಡಬೇಡಿ. ಗೊಬ್ಬರ ಎಷ್ಟು ಅನ್ನೋದು ಗದ್ದೆಯಲ್ಲಿ ಪರೀಕ್ಷೆ ಮಾಡಿ ನೋಡುವ ವಿಷಯ, ಮಗಳ ಬದುಕು ಹಾಗಲ್ಲ. ಆದರೆ "ಬೇಡ" ಅನ್ನೋದರ ಹಿಂದೆ ಏನಿದೆ ಅಂತ ಬಿಡಿಸಿ ಕೇಳಿ, ಬಸ್ಸಿನ ಹೊತ್ತಾ, ಫೀಸಾ, ಜನ ಏನಂತಾರೋ ಅನ್ನೋದಾ. ಮೊದಲಿನ ಎರಡಕ್ಕೆ ದಾರಿ ಇದೆ, ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನಕ್ಕೆ ಇದೇ ವಾರ ಹೋಗಿ ವಿಚಾರಿಸಿ. ಮಗಳನ್ನೂ ಜೊತೆಗೆ ಕರಕೊಂಡು ಹೋಗಿ, ಅವಳು ಏನು ಓದಬೇಕು ಅಂತಾಳೆ ಅನ್ನೋದು ನಿಮ್ಮ ಪತ್ರದಲ್ಲೇ ಇರಲಿಲ್ಲ.