ಊದಿಸಿದರು, ಕೂರಿಸಿದರು
ಪ್ರಶ್ನೆ: ಮದುವೆ ಊಟ ಮುಗಿಸಿ ಬೈಕಿನಲ್ಲಿ ಬರುತ್ತಿದ್ದ ತಮ್ಮನನ್ನು ರಾತ್ರಿ ಪೊಲೀಸರು ಹಿಡಿದರು. ಕುಡಿದಿದ್ದಾನಾ ಎಂದು ಯಂತ್ರಕ್ಕೆ ಊದಿಸಿದಾಗ 62 ಬಂತಂತೆ. ಬೆಳಗಿನವರೆಗೂ ಠಾಣೆಯಲ್ಲೇ ಕೂರಿಸಿದ್ದರು, ಡಾಕ್ಟರಿಗೆ ತೋರಿಸಲೇ ಇಲ್ಲ. ಇದು ಸರೀನಾ ಮೇಡಂ?

ಉತ್ತರ: ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 202ನೇ ಕಲಂ ಪ್ರಕಾರ ಬಂಧಿಸಿದ 2 ಗಂಟೆಯೊಳಗೆ ವೈದ್ಯರ ತಪಾಸಣೆ ಆಗಬೇಕು. ಆಗದಿದ್ದರೆ ಬಿಟ್ಟು ಕಳಿಸಬೇಕು. ಹಾಗಂತ ಕೇಸೇ ಹೋಯಿತು ಅಂದುಕೊಳ್ಳಬೇಡಿ. 100 ಮಿ.ಲೀ. ರಕ್ತದಲ್ಲಿ ಮದ್ಯದ ಅಂಶ 30 ಮಿ.ಗ್ರಾಂ. ದಾಟಿದರೆ ಅಪರಾಧವೇ; ತಮ್ಮನದು ದುಪ್ಪಟ್ಟು ಅಲ್ವಾ? ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಆದರೆ ಜಾಮೀನು ಅವನ ಹಕ್ಕು, ಯಾರ ಕಾಲಿಗೂ ಬೀಳಬೇಕಿಲ್ಲ. ವಕೀಲರನ್ನು ಕಾಣುವುದೂ ಹಕ್ಕೇ. ದಂಡ ಕಟ್ಟುವುದು ಕೋರ್ಟಿನಲ್ಲಿ, ರಸ್ತೆ ಬದಿಯಲ್ಲಲ್ಲ. ಪೊಲೀಸರ ಕಾಗದದಲ್ಲಿ ಬಂಧನದ ಸಮಯ ಎಷ್ಟೆಂದು ಬರೆದಿದ್ದಾರೆ, ಮೊದಲು ಅದನ್ನು ನೋಡಿ.